ಓದುಗರ ಪ್ರಶ್ನೆಗಳು: ದಪ್ಪಗೂ ಇರಬೇಕು, ಓರೆಯಾಗಿಯೂ ಇರಬೇಕು

ಅಕ್ಷರ ಮತ್ತು ಮುದ್ರಣದ ಈ ಅಂಕಣಕ್ಕೆ ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬೋಲ್ಡ್ ಇಟಾಲಿಕ್, ಅಂದರೆ ದಪ್ಪ-ಓರೆ, ಸೆರಿಫ್ ಕುರಿತವು. ರೋಮನ್ ಅಕ್ಷರದ ಗೆರೆ ಮುಗಿಯುವಲ್ಲಿ ಚಾಚಿಕೊಂಡಿರುವ ಪುಟ್ಟ ಪಾದವೇ ಸೆರಿಫ್. ಆ ಪಾದವಿರುವ ಅಕ್ಷರಕುಟುಂಬದಲ್ಲಿ ಸಾಮಾನ್ಯವಾಗಿ ನಾಲ್ಕು ಮಂದಿ: ನೇರ, ಓರೆ, ದಪ್ಪ, ದಪ್ಪ-ಓರೆ. ನಾಲ್ಕನೆಯದನ್ನು ಕೇಳಿ ಹಾಕಿಸುವವರು ಕಡಿಮೆ, ಕೆಡಿಸುವವರು ಹೆಚ್ಚು. ಆದ್ದರಿಂದ ಎಲ್ಲ ಪ್ರಶ್ನೆಗಳನ್ನೂ ಒಂದೇ ಸಂಚಿಕೆಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಡಿಟಿಪಿ ಕೆಲಸ. ಇಂಗ್ಲಿಷ್ ಮ್ಯಾಟರ್‌ನಲ್ಲಿ ದಪ್ಪ-ಓರೆ ಬೇಕಾದರೆ ಬಿ ಮತ್ತು ಐ ಗುಂಡಿ ಎರಡನ್ನೂ ಒತ್ತುತ್ತೇವೆ. ಕೆಲವು ಫಾಂಟ್‌ಗಳಲ್ಲಿ ಅಂದವಾಗಿ ಬರುತ್ತದೆ, ಕೆಲವದರಲ್ಲಿ ಅಕ್ಷರ ಊದಿಕೊಂಡು ಮಸಿ ಕಟ್ಟಿದ ಹಾಗೆ ಬರುತ್ತದೆ. ಗುಂಡಿ ಒಂದೇ, ಫಲ ಬೇರೆ ಏಕೆ? *ಶಿವಮೊಗ್ಗದ ಓದುಗರು*

ಉತ್ತರ: ನೀವು ಗುಂಡಿ ಒತ್ತಿದಾಗ ತಂತ್ರಾಂಶ ಮೊದಲು ಹುಡುಕುವುದು ಆ ಕುಟುಂಬದ ಬೋಲ್ಡ್ ಇಟಾಲಿಕ್ ಕಡತವನ್ನು. ಸಿಕ್ಕರೆ ಅದನ್ನೇ ಬಳಸುತ್ತದೆ. ಸಿಗದಿದ್ದರೆ ವರ್ಡ್‌ನಂಥ ತಂತ್ರಾಂಶ ಸುಮ್ಮನಿರುವುದಿಲ್ಲ. ಇರುವ ಅಕ್ಷರವನ್ನೇ ಬಲಕ್ಕೆ ತಳ್ಳಿ ಓರೆ ಮಾಡುತ್ತದೆ, ಅಂಚಿಗೆ ಸುತ್ತಲೂ ಮಸಿ ಬಳಿದು ದಪ್ಪ ಮಾಡುತ್ತದೆ. ನೀವು ನೋಡಿದ ಊದಿದ ಅಕ್ಷರ ಈ ಎರಡನೆಯ ಬಗೆಯದು.

ಹೀಗೆ ಮಾಡಿದರೆ ಏನು ಕೆಡುತ್ತದೆ ಎಂಬುದನ್ನು ಟೈಮ್ಸ್ ಅಕ್ಷರದ ಅಳತೆಗಳಲ್ಲೇ ನೋಡಬಹುದು. ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರ್‌ಗಳ ಜೊತೆ ಬಂದ ಟೈಮ್ಸ್‌ನಲ್ಲಿ ಅಕ್ಷರದ ಪಾಯಿಂಟ್ ಗಾತ್ರವನ್ನು 1000 ಭಾಗ ಮಾಡಿ ಅಳೆಯುತ್ತಾರೆ. ಅದರಲ್ಲಿ ಓರೆ ಅಕ್ಷರದ ನಿಲುಗೆರೆಯ ದಪ್ಪ 76, ಅಡ್ಡಗೆರೆಯ ದಪ್ಪ 32. ನಿಜವಾದ ಬೋಲ್ಡ್ ಇಟಾಲಿಕ್‌ನಲ್ಲಿ ನಿಲುಗೆರೆ 121, ಅಡ್ಡಗೆರೆ 42. ನಿಲುಗೆರೆಗೆ 45 ಭಾಗ ಸೇರಿದೆ, ಅಡ್ಡಗೆರೆಗೆ ಬರೀ 10. ಕಂಪ್ಯೂಟರ್ ಮಸಿ ಬಳಿಯುವಾಗ ಈ ಭೇದ ಮಾಡುವುದಿಲ್ಲ. ನಿಲುಗೆರೆಗೆ 45 ಕೊಟ್ಟರೆ ಅಡ್ಡಗೆರೆಗೂ 45 ಕೊಡುತ್ತದೆ. ಅದು 77ಕ್ಕೆ ಏರುತ್ತದೆ. ತೆಳು-ದಪ್ಪಗಳ ಅಂತರವೇ ಸೆರಿಫ್ ಅಕ್ಷರದ ಜೀವ. ನಿಜವಾದದ್ದರಲ್ಲಿ ಅದು ಸುಮಾರು ಮೂರಕ್ಕೆ ಒಂದು, ನಕಲಿಯಲ್ಲಿ ಒಂದೂವರೆಗೆ ಒಂದು. ಜೊತೆಗೆ ಇಂಗ್ಲಿಷ್ ಸಣ್ಣ ಇ ಮತ್ತು ಎ ಒಳಗಿನ ಬಿಳಿ ಜಾಗ ಎಲ್ಲ ಕಡೆಯಿಂದಲೂ ಒತ್ತಿ ಮುಚ್ಚಿಹೋಗುತ್ತದೆ.

ಇನ್ನು ತಳ್ಳಿ ಮಾಡಿದ ಓರೆಯ ದೋಷ. ದುಂಡಗಿನ ಓ ತೆಗೆದುಕೊಳ್ಳಿ. ಬಲಕ್ಕೆ ತಳ್ಳಿದಾಗ ಅದರ ಒಂದು ಕರ್ಣದ ಗೆರೆ ಉಬ್ಬುತ್ತದೆ, ಇನ್ನೊಂದು ಕರ್ಣದ್ದು ಸೊರಗುತ್ತದೆ. ಚಿತ್ರಕಾರ ಕೈಯಿಂದ ತಿದ್ದಿದರೆ ಮಾತ್ರ ಆ ಭಾರ ಮತ್ತೆ ಸರಿಯಾಗಿ ಕೂರುತ್ತದೆ.

ಅಸಲಿ-ನಕಲಿ ಗುರುತಿಸಲು ಭೂತಕನ್ನಡಿ ಬೇಡ. ಸಣ್ಣ ಎ ನೋಡಿ: ನೇರ ಅಕ್ಷರದಲ್ಲಿ ಅದಕ್ಕೆ ಮೇಲೊಂದು ಕೊಕ್ಕೆ, ಕೆಳಗೊಂದು ಹೊಟ್ಟೆ. ಹೆಚ್ಚಿನ ನಿಜ ಇಟಾಲಿಕ್‌ಗಳಲ್ಲಿ ಕೊಕ್ಕೆ ಇರುವುದಿಲ್ಲ, ಕೈಬರಹದ ಹಾಗೆ ಹೊಟ್ಟೆಯೊಂದೇ. ಸಣ್ಣ ಎಫ್ ನೋಡಿ: ಬಹುತೇಕ ಹಳೆಯ ಮಾದರಿಯ ಇಟಾಲಿಕ್‌ಗಳಲ್ಲಿ ಅದರ ಬಾಲ ಸಾಲಿನ ಕೆಳಕ್ಕೆ ಇಳಿಯುತ್ತದೆ. ಕೊಕ್ಕೆಯ ಎ ಹಾಗೆಯೇ ಓರೆಯಾಗಿ ನಿಂತಿದ್ದರೆ ನಕಲಿಯೆಂದು ಅನುಮಾನಿಸಿ. ಖಚಿತವಾಗಬೇಕಾದರೆ ಪಿಡಿಎಫ್ ಮಾಡಿ ಅಕ್ರೋಬ್ಯಾಟ್‌ನಲ್ಲಿ ಫೈಲ್, ಪ್ರಾಪರ್ಟೀಸ್, ಫಾಂಟ್ಸ್ ತೆರೆಯಿರಿ. ಅಲ್ಲಿನ ಪಟ್ಟಿಯಲ್ಲಿ ಬೋಲ್ಡ್ ಇಟಾಲಿಕ್ ಎಂಬ ಹೆಸರು ಪ್ರತ್ಯೇಕವಾಗಿ ಇಲ್ಲದಿದ್ದರೆ ನಿಮ್ಮ ಪುಟದಲ್ಲಿ ಇರುವುದು ಬಳಿದ ಮಸಿ. ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್ ಈ ವಿಷಯದಲ್ಲಿ ಕಟ್ಟುನಿಟ್ಟು: ರೋಮನ್ ಅಕ್ಷರಕ್ಕೆ ಕಡತ ಇಲ್ಲದಿದ್ದರೆ ತಾನಾಗಿ ದಪ್ಪ-ಓರೆ ಸೃಷ್ಟಿಸುವುದಿಲ್ಲ. ಆದರೆ ಅದರಲ್ಲೂ ಕ್ಯಾರೆಕ್ಟರ್ ಫಲಕದಲ್ಲಿ ಓರೆ ಮಾಡುವ ಸ್ಕ್ಯೂ ಎಂಬ ಖಾನೆ ಇದೆ. ಹಳೆಯ ಫೈಲ್‌ಗಳನ್ನು ತೆರೆದಾಗ ಅದು ಸೊನ್ನೆಯಲ್ಲಿದೆಯೇ ನೋಡಿಕೊಳ್ಳಿ.

ಪ್ರಶ್ನೆ: ಬೋಲ್ಡ್ ಇಟಾಲಿಕ್ ಮೊದಲು ಮಾಡಿದವರು ಯಾರು? *ಮಂಡ್ಯದ ಓದುಗರು*

ಉತ್ತರ: ಒಬ್ಬರ ಹೆಸರಿಗೆ ಕಟ್ಟುವಂಥ ಕೆಲಸ ಇದಲ್ಲ. ಎರಡು ಬೇರೆ ಬೇರೆ ದಾರಿಗಳು ತಡವಾಗಿ ಕೂಡಿದ ಜಾಗ ಇದು. ಇಟಾಲಿಕ್ ವೆನಿಸ್‌ನದು. ಅಲ್ಡಸ್ ಮನುಶಿಯಸ್ ಎಂಬ ಪ್ರಕಾಶಕರಿಗಾಗಿ ಫ್ರಾಂಚೆಸ್ಕೊ ಗ್ರಿಫೊ ಕೆತ್ತಿದ ಇಟಾಲಿಕ್ ಮೊಳೆಗಳಲ್ಲಿ 1501ರಲ್ಲಿ ವರ್ಜಿಲ್ ಕವಿಯ ಕೃತಿ ಅಚ್ಚಾಯಿತು. ಆಗ ಅದು ನೇರ ಅಕ್ಷರದ ಜೊತೆಗಾರ ಅಲ್ಲ, ಇಡೀ ಪುಸ್ತಕವೇ ಅದರಲ್ಲಿ. ದೊಡ್ಡಕ್ಷರಗಳು ಮಾತ್ರ ನೇರವಾಗಿಯೇ ನಿಂತಿದ್ದವು. ಸಾಲಿನ ನಡುವೆ ಒಂದು ಪದಕ್ಕೆ ಒತ್ತು ಕೊಡಲು ಇಟಾಲಿಕ್ ಬಳಸುವ ರೂಢಿ ಆಮೇಲಿನದು.

ದಪ್ಪಕ್ಷರ ಲಂಡನ್ನಿನ ಜಾಹೀರಾತಿನ ಕೂಸು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಭಿತ್ತಿಪತ್ರಗಳಿಗಾಗಿ ಫ್ಯಾಟ್ ಫೇಸ್ ಎಂಬ ಅತಿ ದಪ್ಪ ಅಕ್ಷರಗಳು ಬಂದವು, ಅವುಗಳ ಓರೆ ರೂಪವೂ ಬಂತು. ದಪ್ಪ ಸೆರಿಫ್ ಇಟಾಲಿಕ್ ಎಂದು ಕರೆಯಬಹುದಾದದ್ದು ಜನರ ಕಣ್ಣಿಗೆ ಬಿದ್ದದ್ದು ಈ ಗೋಡೆಗಳ ಮೇಲೆ. ಪುಸ್ತಕದ ಸಾಲಿನೊಳಗೆ ದಪ್ಪ ಬಂದದ್ದು 1845ರ ಕ್ಲಾರೆಂಡನ್ ಎಂಬ ಅಕ್ಷರದಿಂದ. ರಾಬರ್ಟ್ ಬೆಸ್ಲಿಯವರ ಫ್ಯಾನ್ ಸ್ಟ್ರೀಟ್ ಫೌಂಡ್ರಿಗಾಗಿ ಬೆಂಜಮಿನ್ ಫಾಕ್ಸ್ ಕೆತ್ತಿದ್ದು. ನಿಘಂಟಿನಲ್ಲಿ ಪದ ಎದ್ದು ಕಾಣಲು ಇಂಥ ಅಕ್ಷರ ಬಹಳ ಒದಗಿತು.

ಇದನ್ನು ತಿಳಿದರೆ ಒಂದು ಸಾಮಾನ್ಯ ತಪ್ಪು ಕಲ್ಪನೆ ಹೋಗುತ್ತದೆ. ‘ಗ್ಯಾರಮಂಡ್ ಬೋಲ್ಡ್ ಇಟಾಲಿಕ್’ ಎಂಬ ಹೆಸರು ಕೇಳಿದರೆ ಹದಿನಾರನೆಯ ಶತಮಾನದ್ದು ಅನಿಸುತ್ತದೆ. ಆ ಶತಮಾನದ ಫ್ರೆಂಚ್ ಮೊಳೆ ಕೆತ್ತನೆಗಾರ ಕ್ಲೋಡ್ ಗ್ಯಾರಮಂಡ್ ದಪ್ಪಕ್ಷರವನ್ನೇ ಕೆತ್ತಿದವರಲ್ಲ. 1989ರ ಅಡೋಬಿ ಗ್ಯಾರಮಂಡ್‌ನ ಇಟಾಲಿಕ್ ಕೂಡ ಅವರ ಸಮಕಾಲೀನ ರೋಬೆರ್ ಗ್ರಾಂಜೋನ್ ಅವರ ಮಾದರಿಯದು. ದಪ್ಪಗಳೆಲ್ಲ ಅಡೋಬಿಯ ವಿನ್ಯಾಸಕ ರಾಬರ್ಟ್ ಸ್ಲಿಂಬಾಕ್ ಊಹಿಸಿ ಬರೆದವು. ಊಹೆ ಅಂದಮಾತ್ರಕ್ಕೆ ಕೀಳಲ್ಲ. ಅದು ಚೆನ್ನಾಗಿದೆಯೇ ಇಲ್ಲವೇ ಎಂಬುದನ್ನು ಅದರ ಗೆರೆ ನೋಡಿ ಹೇಳಬೇಕೇ ಹೊರತು ಹೆಸರಿನ ಹಳಮೆ ನೋಡಿ ಅಲ್ಲ.

ಯಂತ್ರದ ಕಾಲದಲ್ಲಿ ಇನ್ನೊಂದು ಕಟ್ಟು ಬಿತ್ತು. ಸೀಸದಲ್ಲಿ ಸಾಲು ಎರಕ ಹೊಯ್ಯುವ ಲೈನೋಟೈಪ್ ಯಂತ್ರದ ಒಂದು ಅಚ್ಚಿನಲ್ಲಿ ಎರಡೇ ರೂಪ ಕೂರುತ್ತಿದ್ದವು: ನೇರ ಮತ್ತು ಓರೆ, ಇಲ್ಲವೇ ನೇರ ಮತ್ತು ದಪ್ಪ. ಒಂದೇ ಅಚ್ಚಿನಲ್ಲಿದ್ದ ಮೇಲೆ ಎರಡರ ಅಗಲವೂ ಒಂದೇ ಆಗಬೇಕು. ಸಹಜವಾಗಿ ಕಿರಿದಾಗಬೇಕಾದ ಇಟಾಲಿಕ್ ಅಗಲವಾಗಿ, ಬಿಡಿಬಿಡಿಯಾಗಿ ಕಾಣುವುದು ಅದಕ್ಕೇ. ವಿನ್ಯಾಸಕ ಯಾನ್ ಚಿಖೋಲ್ಡ್ ಅವರ ಸಬೋನ್ ಅಕ್ಷರ (1967) ಈ ನಿರ್ಬಂಧದೊಳಗೇ ಅಂದ ಕಂಡುಕೊಂಡ ಅಪರೂಪದ ಉದಾಹರಣೆ.

ಪ್ರಶ್ನೆ: ಕನ್ನಡ ಫಾಂಟ್ ಒಂದರ ಜೊತೆಗೆ ರೋಮನ್ ಸೆರಿಫ್ ಬರೆಯುತ್ತಿದ್ದೇನೆ. ನೇರ, ದಪ್ಪ, ಓರೆ ಮೂರೂ ಮುಗಿದಿವೆ. ದಪ್ಪವನ್ನು ಓರೆ ಮಾಡಬೇಕೋ, ಓರೆಯನ್ನು ದಪ್ಪ ಮಾಡಬೇಕೋ? ಎಲ್ಲಿಂದ ಹಿಡಿಯಲಿ? *ಬೆಂಗಳೂರಿನ ವಿನ್ಯಾಸ ವಿದ್ಯಾರ್ಥಿ*

ಉತ್ತರ: ಓರೆಯಿಂದ ಹಿಡಿಯಿರಿ. ಅಕ್ಷರದ ಎಲುಬು ಇಟಾಲಿಕ್‌ನದು, ಮೈಕಟ್ಟು ಮಾತ್ರ ಬೋಲ್ಡ್‌ನದು. ದಪ್ಪ ನೇರ ಅಕ್ಷರವನ್ನು ಬಾಗಿಸಿದರೆ ಕೊಕ್ಕೆಯ ಎ, ಚಪ್ಪಟೆ ಪಾದಗಳು ಎಲ್ಲವೂ ಹಾಗೆಯೇ ಉಳಿದು ಅದು ಬಾಗಿದ ನೇರ ಅಕ್ಷರವೇ ಆಗುತ್ತದೆ.

ಮೊದಲು ನಿಲುಗೆರೆಯ ದಪ್ಪ ಗೊತ್ತು ಮಾಡಿ. ಬೋಲ್ಡ್‌ನಷ್ಟೇ ಇರಲಿ ಎಂದು ಅನಿಸುವುದು ಸಹಜ, ಹಾಗೆ ಮಾಡಬೇಡಿ. ಮೇಲೆ ಹೇಳಿದ ಟೈಮ್ಸ್‌ನಲ್ಲಿ ಬೋಲ್ಡ್‌ನ ನಿಲುಗೆರೆ 139, ಬೋಲ್ಡ್ ಇಟಾಲಿಕ್‌ನದು 121. ಅಂದರೆ ಶೇಕಡ 13ರಷ್ಟು ತೆಳು. ಇಟಾಲಿಕ್‌ನ ಸಣ್ಣಕ್ಷರಗಳಲ್ಲಿ ಕಮಾನು ನಿಲುಗೆರೆಯಿಂದ ಕೆಳಗಿನಿಂದಲೇ ಹೊರಡುತ್ತದೆ. ಎನ್, ಎಂ, ಎಚ್‌ಗಳಲ್ಲಿ ಗೆರೆ ಗೆರೆಯನ್ನು ಬಹಳ ದೂರ ಒರಸಿಕೊಂಡು ಸಾಗುವುದರಿಂದ ಅಲ್ಲಿ ಕಪ್ಪು ಗುಪ್ಪೆ ಬೀಳುತ್ತದೆ. ನಿಲುಗೆರೆ ತುಸು ಇಳಿಸಿದರೆ ಮಾತ್ರ ಪುಟದಲ್ಲಿ ಎರಡರ ಕಪ್ಪು ಸಮನಾಗಿ ಕಾಣುತ್ತದೆ. ನಿಮ್ಮ ಬೋಲ್ಡ್‌ನ ಶೇಕಡ 85ರಿಂದ 92ರೊಳಗೆ ಶುರು ಮಾಡಿ, ಒಂದೊಂದು ಸಾಲು ಅಚ್ಚು ಹಾಕಿ ದೂರದಿಂದ ನೋಡಿ. ಅಳೆಯುವಾಗ ಯಾವ ದಿಕ್ಕಿನಲ್ಲಿ ಅಳೆಯುತ್ತೀರಿ ಎಂಬುದು ಒಂದೇ ಇರಲಿ: 15 ಡಿಗ್ರಿ ಓರೆಯಲ್ಲಿ ಅಡ್ಡಕ್ಕೆ ಅಳೆದಾಗ 121 ಬಂದ ಗೆರೆ, ಗೆರೆಗೆ ಲಂಬವಾಗಿ ಅಳೆದರೆ 117.

ಓರೆಯ ಕೋನಕ್ಕೆ ನಿಯಮ ಇಲ್ಲ. ಟೈಮ್ಸ್ ಇಟಾಲಿಕ್‌ನಲ್ಲಿ 15.5 ಡಿಗ್ರಿ, ಅದರ ಬೋಲ್ಡ್ ಇಟಾಲಿಕ್‌ನಲ್ಲಿ 15. ಹೊಸ ವಿನ್ಯಾಸಗಳಲ್ಲಿ ಇನ್ನೂ ನೇರ. ದಪ್ಪ ಅಕ್ಷರ ಹೆಚ್ಚು ಓರೆಯಾದರೆ ಒಳಗಿನ ಬಿಳಿ ಚೂಪಾದ ಸೀಳಾಗುತ್ತದೆ. ನಿಮ್ಮ ತೆಳು ಇಟಾಲಿಕ್‌ಗಿಂತ ಅರ್ಧ ಡಿಗ್ರಿ ಕಡಿಮೆ ಮಾಡಲು ಹಿಂಜರಿಯಬೇಡಿ. ಸಣ್ಣಕ್ಷರದ ಎತ್ತರವೂ ಹಾಗೆಯೇ. ಟೈಮ್ಸ್‌ನಲ್ಲಿ ನೇರ 450, ದಪ್ಪ 473, ಓರೆ 441, ದಪ್ಪ-ಓರೆ 462. ದಪ್ಪವಾದಾಗ ಒಳಬಿಳಿಗೆ ಜಾಗ ಬೇಕಾದ್ದರಿಂದ ಎತ್ತರ ಏರಿದೆ. ಅಗಲಕ್ಕೆ ಬಂದರೆ ಎನ್ ಅಕ್ಷರ ನೇರದಲ್ಲೂ ಓರೆಯಲ್ಲೂ 500, ಎರಡು ದಪ್ಪಗಳಲ್ಲೂ 556. ಇ ಮಾತ್ರ ನಾಲ್ಕರಲ್ಲೂ 444. ಹೀಗಾಗಿ ದಪ್ಪ-ಓರೆಯ ಇ ಯಾವಾಗಲೂ ಇಕ್ಕಟ್ಟಿನಲ್ಲಿರುತ್ತದೆ. ನೀವು ಹೊಸದಾಗಿ ಬರೆಯುತ್ತಿರುವುದರಿಂದ ಆ ಇಕ್ಕಟ್ಟನ್ನು ಹೊರಬೇಕಾಗಿಲ್ಲ, ಇಗೆ ಧಾರಾಳವಾಗಿ ಅಗಲ ಕೊಡಿ.

ದೊಡ್ಡಕ್ಷರಗಳನ್ನು ಬೋಲ್ಡ್‌ನಿಂದ ಓರೆ ಮಾಡಿ ತೆಗೆದುಕೊಳ್ಳಬಹುದು, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಓರೆ ಮಾಡುವಾಗ ತಳದ ಗೆರೆಯನ್ನು ಆಧಾರ ಮಾಡಿದರೆ ಅಕ್ಷರವೆಲ್ಲ ಬಲಕ್ಕೆ ಜರುಗಿ ಬಲಗಡೆಯ ಖಾಲಿ ಜಾಗ ತಿಂದುಹೋಗುತ್ತದೆ. ಸಣ್ಣಕ್ಷರದ ಎತ್ತರದ ಅರ್ಧವನ್ನು ಆಧಾರ ಮಾಡಿ. ಎತ್ತರ 462, ಕೋನ 15 ಡಿಗ್ರಿ ಇದ್ದರೆ ಇದರಿಂದ ತಪ್ಪುವ ಜರುಗಾಟ 62 ಭಾಗ. ಅಷ್ಟೂ ಅಂತರ ತಿದ್ದುವ ಕೆಲಸ ತಪ್ಪಿತು. ಓರೆ ಮಾಡಿದ ಮೇಲೆ ಓ, ಸಿ, ಎಸ್‌ಗಳ ತುತ್ತತುದಿಯ ಬಿಂದುಗಳು ಜಾಗ ತಪ್ಪಿರುತ್ತವೆ. ಮೇಲು, ಕೆಳಗು, ಎಡ, ಬಲ ತುದಿಗಳಲ್ಲಿ ಬಿಂದುಗಳನ್ನು ಹೊಸದಾಗಿ ಇಟ್ಟು ಹಳೆಯವನ್ನು ತೆಗೆಯಿರಿ, ಆಮೇಲೆ ಉಬ್ಬಿದ ಕರ್ಣವನ್ನು ಕೈಯಿಂದ ಇಳಿಸಿ. ಎಸ್ ಅಕ್ಷರ ಬಹುಶಃ ಮೊದಲಿನಿಂದ ಬರೆಯಬೇಕಾದೀತು. ಅದರ ಬೆನ್ನು ಓರೆಯ ದಿಕ್ಕಿಗೆ ಎದುರಾಗಿ ಸಾಗುವುದರಿಂದ ತಳ್ಳಿದಾಗ ಹೆಚ್ಚು ಹಾಳಾಗುವುದು ಅದೇ.

ಸಣ್ಣಕ್ಷರಗಳಲ್ಲಿ ಎನ್, ಓ, ಎ, ಇ ನಾಲ್ಕನ್ನು ಮುಗಿಸಿ, ಅವು ಸಾಲಿನಲ್ಲಿ ಹೊಂದುವವರೆಗೆ ಮುಂದೆ ಹೋಗಬೇಡಿ. ಎನ್‌ನಲ್ಲಿ ಕಮಾನು ನಿಲುಗೆರೆಯನ್ನು ಬಿಟ್ಟು ಹೊರಡುವ ಜಾಗವನ್ನು ತೆಳುವಾಗಿ ಕೊರೆಯಿರಿ. ಪರದೆಯ ಮೇಲೆ ಅತಿಯಾಯಿತು ಅನಿಸಿದ ಕೊರೆತವೂ 9 ಪಾಯಿಂಟ್ ಅಚ್ಚಿನಲ್ಲಿ ಕಾಣುವುದಿಲ್ಲ, ಗುಪ್ಪೆ ಕರಗಿದ್ದು ಮಾತ್ರ ಕಾಣುತ್ತದೆ. ಅಕ್ಷರದ ಮೊದಲ ಪಾದ ಲೇಖನಿ ಇಳಿದ ಹಾಗೆ ಓರೆಯಾಗಿರಲಿ, ಕೊನೆಯದು ಮುಂದಿನ ಅಕ್ಷರದ ಕಡೆ ಎದ್ದು ಹೋಗಲಿ. ಎರಡೂ ಕಡೆ ಚಪ್ಪಟೆ ಪಾದ ಕೊಟ್ಟರೆ ದಪ್ಪದ ಭಾರಕ್ಕೆ ಅಕ್ಷರದ ಓಟವೇ ನಿಂತುಬಿಡುತ್ತದೆ.

ಕೊನೆಗೆ ಫಾಂಟ್ ಕಡತದ ಗುರುತುಗಳು. ಎಷ್ಟು ಚೆನ್ನಾಗಿ ಬರೆದರೂ ಇವು ತಪ್ಪಿದರೆ ಬಳಕೆದಾರರ ಕೈಗೆ ಸಿಗುವುದು ನಕಲಿಯೇ. ಕಡತದೊಳಗಿನ ಓಎಸ್/2 ಎಂಬ ಮಾಹಿತಿ ಕೋಷ್ಟಕದಲ್ಲಿ ಶೈಲಿ ಸೂಚಿಸುವ ಎಫ್‌ಎಸ್‌ಸೆಲೆಕ್ಷನ್‌ನ 0 ಮತ್ತು 5ನೇ ಬಿಟ್ ಎರಡೂ ಹೊತ್ತಿರಬೇಕು (ಅಂದರೆ 1 ಇರಬೇಕು), 6ನೆಯದು ಆರಿರಬೇಕು (ಅಂದರೆ 0). ಹೆಡ್ ಕೋಷ್ಟಕದ ಮ್ಯಾಕ್‌ಸ್ಟೈಲ್‌ನಲ್ಲಿ 0 ಮತ್ತು 1. ತೂಕದ ಅಂಕಿ 700. ಪೋಸ್ಟ್ ಕೋಷ್ಟಕದಲ್ಲಿ ಓರೆಯ ಕೋನ ಋಣ ಸಂಖ್ಯೆಯಾಗಿ ಇರಬೇಕು, ಬಲಕ್ಕೆ 15 ಡಿಗ್ರಿ ಎಂದರೆ -15. ಹೆಸರಿನ ಕೋಷ್ಟಕದ 1ನೇ ನಮೂದು ನಾಲ್ಕು ಕಡತಗಳಲ್ಲೂ ಅಕ್ಷರಶಃ ಒಂದೇ ಇರಲಿ, 2ನೆಯದು ಬೋಲ್ಡ್ ಇಟಾಲಿಕ್ ಎಂದಿರಲಿ. ಒಂದು ಖಾಲಿ ಜಾಗ ಹೆಚ್ಚಾದರೂ ವರ್ಡ್ ಅದನ್ನು ಬೇರೆ ಕುಟುಂಬ ಎಂದೇ ಎಣಿಸುತ್ತದೆ.

ಪ್ರಶ್ನೆ: ನಮ್ಮ ಸಾಹಿತ್ಯ ಪತ್ರಿಕೆಯಲ್ಲಿ ಪುಸ್ತಕದ ಹೆಸರುಗಳನ್ನೂ ಉಪಶೀರ್ಷಿಕೆಗಳನ್ನೂ ಕನ್ನಡದಲ್ಲೇ ದಪ್ಪ-ಓರೆ ಮಾಡಿ ಹಾಕುತ್ತೇವೆ. ಹಿರಿಯ ಓದುಗರೊಬ್ಬರು ಓದಲು ಕಷ್ಟ ಎನ್ನುತ್ತಾರೆ. ಇಂಗ್ಲಿಷಿಗೆ ಒಪ್ಪುವುದು ಕನ್ನಡಕ್ಕೆ ಏಕೆ ಒಪ್ಪಬಾರದು? *ಧಾರವಾಡದ ಸಂಪಾದಕರು*

ಉತ್ತರ: ನಿಮ್ಮ ಹಿರಿಯ ಓದುಗರ ಮಾತು ಸರಿ. ರೋಮನ್ ಇಟಾಲಿಕ್ ಹುಟ್ಟಿದ್ದು ವೇಗದ ಕೈಬರಹದಿಂದ. ಅಕ್ಷರದ ಆಕಾರವೇ ಬೇರೆ, ಓರೆ ಅದರ ಒಂದು ಲಕ್ಷಣ ಮಾತ್ರ. ಕನ್ನಡ ಅಚ್ಚಿನಲ್ಲಿ ಅಂಥ ಜೋಡಿ ರೂಢಿಯಾಗಿ ಬೆಳೆಯಲಿಲ್ಲ. ಆದ್ದರಿಂದ ನೀವು ಒತ್ತುವ ಗುಂಡಿಯ ಹಿಂದೆ ಸಾಮಾನ್ಯವಾಗಿ ಚಿತ್ರಕಾರರು ಯಾರೂ ಇಲ್ಲ, ಇರುವುದು ತಳ್ಳುವ ಲೆಕ್ಕ ಮಾತ್ರ.

ಅದಕ್ಕಿಂತ ಮುಖ್ಯವಾದದ್ದು ನಮ್ಮ ಅಕ್ಷರದ ರಚನೆ. ರೋಮನ್‌ನಲ್ಲಿ ನೆಟ್ಟಗಿನ ಗೆರೆಗಳು ಸಾಲುಗಟ್ಟಿ ನಿಂತಿರುವುದರಿಂದ ಓರೆ ತಟ್ಟನೆ ತಿಳಿಯುತ್ತದೆ. ಕನ್ನಡ ದುಂಡು. ಓರೆ ಅಳೆಯಲು ಕಣ್ಣಿಗೆ ನೆಟ್ಟಗೆರೆಯೇ ಸಿಗುವುದಿಲ್ಲ. ಠ, ರಗಳು ಸೊಟ್ಟಗಾದ ಮೊಟ್ಟೆಗಳಾಗಿ ಕಾಣುತ್ತವೆ ಅಷ್ಟೆ. ಮೇಲಕ್ಕೂ ಕೆಳಕ್ಕೂ ಅಂಗಗಳು ಚಾಚಿರುವುದು ಇನ್ನೊಂದು ತೊಡಕು. ಸಾಲಿನ ಮೇಲಿರುವ ಗುಡಿಸು ಮತ್ತು ತಲೆಕಟ್ಟು ಬಲಕ್ಕೆ ಹೋದರೆ, ಸಾಲಿನ ಕೆಳಗಿನ ಒತ್ತಕ್ಷರ ಎಡಕ್ಕೆ ಹೋಗುತ್ತದೆ. 12 ಡಿಗ್ರಿ ಓರೆಯಲ್ಲಿ 300 ಭಾಗ ಕೆಳಗಿರುವ ಒತ್ತಿನ ತುದಿ 64 ಭಾಗ ಎಡಕ್ಕೆ ಸರಿಯುತ್ತದೆ. ಮೂಲಾಕ್ಷರದ ಬಲಗಾಲಿನ ಬಳಿ ಕೂತಿದ್ದ ಒತ್ತು ಅದರ ಹೊಟ್ಟೆಯಡಿ ಸೇರಿದ ಹಾಗಾಗುತ್ತದೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳನ್ನು ಓರೆ ಮಾಡಿ ನೋಡಿ, ಗೊತ್ತಾಗುತ್ತದೆ.

ಮಸಿ ಬಳಿದ ದಪ್ಪದಿಂದ ಆಗುವ ಹಾನಿ ಇನ್ನೂ ದೊಡ್ಡದು. ದ-ಧ, ಡ-ಢ, ಬ-ಭ ಇವುಗಳ ಭೇದವೆಲ್ಲ ಕೆಳಗಿನ ಪುಟ್ಟ ಸೀಳಿನಲ್ಲಿದೆ. ಪ-ಷ ಭೇದ ಒಳಗಿನ ಒಂದು ಗೀಟಿನಲ್ಲಿದೆ. ಸುತ್ತಲೂ ಮಸಿ ಬಳಿದರೆ ಮೊದಲು ಮುಚ್ಚುವುದು ಇವೇ.

ಹಾಗಾದರೆ ಏನು ಮಾಡಬೇಕು? ಪುಸ್ತಕದ ಹೆಸರಿಗೆ ಒಂಟಿ ಉದ್ಧರಣ ಚಿಹ್ನೆ ಸಾಕು, ಕನ್ನಡ ಓದುಗರಿಗೆ ಅದು ಚಿರಪರಿಚಿತ. ಉಪಶೀರ್ಷಿಕೆಗೆ ಪ್ರತ್ಯೇಕ ಬೋಲ್ಡ್ ಕಡತ ಇರುವ ಫಾಂಟ್ ಆರಿಸಿ. ನೋಟೊ ಸೆರಿಫ್ ಕನ್ನಡದಲ್ಲಿ ತೆಳುವಿನಿಂದ ಅತಿ ದಪ್ಪದವರೆಗೆ ಹಲವು ತೂಕಗಳಿವೆ. ದಪ್ಪದೊಳಗೆ ಮತ್ತೆ ಬೇರೆ ಮಾಡಿ ತೋರಿಸಬೇಕಾದಲ್ಲಿ, ಅಂದರೆ ಇಂಗ್ಲಿಷಿನವರು ಬೋಲ್ಡ್ ಇಟಾಲಿಕ್ ಬಳಸುವಲ್ಲಿ, ತೂಕ ಒಂದು ಮೆಟ್ಟಿಲು ಇಳಿಸಿ ಅಥವಾ ಬಣ್ಣ ಬದಲಿಸಿ. ಚಿತ್ರಕಾರರು ಕೂತು ಮಾಡಿದ ಓರೆಯೇ ಬೇಕೆಂದರೆ ತೀರೋ ಕನ್ನಡ ನೋಡಿ: ಉಚಿತವಾಗಿ ಸಿಗುವ ಅದರಲ್ಲಿ ನೇರ ಮತ್ತು ಇಟಾಲಿಕ್ ಎರಡೂ ಇವೆ. ಬೋಲ್ಡ್ ಇಲ್ಲ, ಆದ್ದರಿಂದ ಅದರ ಮೇಲೆ ಬಿ ಗುಂಡಿ ಒತ್ತಬೇಡಿ.

ಕನ್ನಡ ಸಾಲಿನ ನಡುವೆ ರೋಮನ್ ಬೋಲ್ಡ್ ಇಟಾಲಿಕ್ ಬಂದಾಗಿನ ಒಂದು ಎಚ್ಚರಿಕೆ. ಎಷ್ಟೋ ಕನ್ನಡ ಬೋಲ್ಡ್‌ಗಳಲ್ಲಿ ಗೆರೆಯ ದಪ್ಪ ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಪಕ್ಕದಲ್ಲಿ ಟೈಮ್ಸ್ ಇಟ್ಟರೆ ಅದರ ತೆಳುಗೆರೆಗಳು ಕಣ್ಮರೆಯಾಗುತ್ತವೆ. ತೆಳು-ದಪ್ಪದ ಅಂತರ ಕಡಿಮೆ ಇರುವ ಸೆರಿಫ್ ಆರಿಸಿ, ಗಾತ್ರವನ್ನು ಶೇಕಡ 90ರಿಂದ ಶುರು ಮಾಡಿ, ಕನ್ನಡ ಅಕ್ಷರದ ಮೈಗೂ ರೋಮನ್ ಸಣ್ಣಕ್ಷರಕ್ಕೂ ಕಣ್ಣಿನಲ್ಲಿ ಹೊಂದುವವರೆಗೆ ಬದಲಿಸುತ್ತಾ ಹೋಗಿ.

ಪ್ರಶ್ನೆ: ಸಸ್ಯಗಳ ಶಾಸ್ತ್ರೀಯ ಹೆಸರನ್ನು ಇಟಾಲಿಕ್‌ನಲ್ಲಿ ಕೊಡಬೇಕು. ಶೀರ್ಷಿಕೆಯೇ ಬೋಲ್ಡ್ ಆಗಿದ್ದರೆ? ಗಣಿತ, ಭೌತಶಾಸ್ತ್ರದಲ್ಲೂ ಬೋಲ್ಡ್ ಇಟಾಲಿಕ್‌ಗೆ ಪ್ರತ್ಯೇಕ ಅರ್ಥ ಇದೆಯಂತೆ, ಹೌದೇ? *ರಾಯಚೂರಿನ ಉಪನ್ಯಾಸಕರು*

ಉತ್ತರ: ಬೋಲ್ಡ್ ಶೀರ್ಷಿಕೆಯೊಳಗೆ ಹೆಸರು ಬೋಲ್ಡ್ ಇಟಾಲಿಕ್ ಆಗುತ್ತದೆ. ಇದು ಈ ಅಕ್ಷರದ ಅತ್ಯಂತ ನ್ಯಾಯವಾದ ಬಳಕೆ. ಶ್ರೀಗಂಧದ ಸ್ಯಾಂಟಲಮ್ ಆಲ್ಬಮ್ ಎಂಬ ಎರಡೂ ಪದ ರೋಮನ್ ಲಿಪಿಯಲ್ಲಿ ದಪ್ಪ-ಓರೆ. ಹೆಸರಿಟ್ಟ ಲಿನಿಯಸ್ ಅವರನ್ನು ಸೂಚಿಸುವ ಎಲ್ ಅಕ್ಷರ ಮಾತ್ರ ದಪ್ಪ-ನೇರ. ಪ್ರಭೇದ, ಉಪಪ್ರಭೇದ ಸೂಚಿಸುವ ಸಂಕ್ಷೇಪಗಳೂ ನೇರವೇ. ಇಡೀ ಶೀರ್ಷಿಕೆಯೇ ದಪ್ಪ-ಓರೆ ಆಗಿದ್ದರೆ ಹೆಸರನ್ನು ತಿರುಗಿಸಿ ದಪ್ಪ-ನೇರ ಮಾಡಿ; ಸುತ್ತಲಿನದಕ್ಕಿಂತ ಬೇರೆಯಾಗಿ ಕಾಣುವುದು ಮುಖ್ಯ. ಕನ್ನಡ ಲಿಪಿಯಲ್ಲಿ ಬರೆದರೆ ಓರೆ ಬೇಡ.

ಗಣಿತದ ವಿಷಯ ನಿಜ. ಐಎಸ್‌ಒ 80000-2 ಮಾನದಂಡದಂತೆ ಸದಿಶವನ್ನು ದಪ್ಪ-ಓರೆ ಸೆರಿಫ್‌ನಲ್ಲೂ ಅದರ ಪರಿಮಾಣವನ್ನು ಬರೀ ಓರೆಯಲ್ಲೂ ಬರೆಯುತ್ತಾರೆ. ಹೀಗಾಗಿ ನಕಲಿ ದಪ್ಪದಿಂದ ಇಲ್ಲಿ ಅರ್ಥವೇ ಕೆಡಬಹುದು: ಪ್ರಶ್ನೆಪತ್ರಿಕೆಯಲ್ಲಿ ಬಲವನ್ನು (ಫೋರ್ಸ್) ಸೂಚಿಸುವ ಎಫ್ ದಪ್ಪವೋ ತೆಳುವೋ ಎಂಬುದು ಸ್ಪಷ್ಟವಾಗದಿದ್ದರೆ ವಿದ್ಯಾರ್ಥಿ ದಿಕ್ಕನ್ನು ಎಣಿಸಬೇಕೋ ಬೇಡವೋ ತಿಳಿಯುವುದಿಲ್ಲ. ಗಣಿತ ಬರಹ ಜೋಡಿಸುವ ಲೇಟೆಕ್ ತಂತ್ರಾಂಶ ಬಳಸುವವರು ಬೋಲ್ಡ್‌ಸಿಂಬಲ್ ಆದೇಶ ಬಳಸಲಿ; ಮ್ಯಾತ್‌ಬಿಎಫ್ ಆದೇಶ ದಪ್ಪ-ನೇರ ಕೊಡುತ್ತದೆ.

ಇದಕ್ಕೆಂದೇ ಯುನಿಕೋಡ್‌ನಲ್ಲಿ ಗಣಿತದ ದಪ್ಪ-ಓರೆ ಅಕ್ಷರಗಳಿಗೆ ಪ್ರತ್ಯೇಕ ಸಂಕೇತಗಳಿವೆ. ಕೆಲವರು ಜಾಲತಾಣದ ಪೋಸ್ಟ್‌ಗಳಲ್ಲಿ ಅಂದಕ್ಕಾಗಿ ಅವನ್ನೇ ತುಂಬಿ ಹೆಸರು ಬರೆಯುತ್ತಾರೆ. ದಯವಿಟ್ಟು ಬೇಡ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶ ಒಂದೊಂದು ಅಕ್ಷರವನ್ನೂ ‘ಗಣಿತದ ದಪ್ಪ ಓರೆ’ ಎಂದು ಒದರುತ್ತದೆ, ಇಲ್ಲವೇ ಪೂರ್ತಿ ಬಿಟ್ಟುಬಿಡುತ್ತದೆ. ಹುಡುಕಾಟದಲ್ಲೂ ಅನೇಕ ಕಡೆ ಸಿಗುವುದಿಲ್ಲ.

ಪ್ರಶ್ನೆ: ಮದುವೆ ಪತ್ರಿಕೆಯಲ್ಲಿ ವಧೂವರರ ಇಂಗ್ಲಿಷ್ ಹೆಸರನ್ನು ಬೋಲ್ಡ್ ಇಟಾಲಿಕ್‌ನಲ್ಲಿ, ಕಡುಗೆಂಪು ನೆಲದ ಮೇಲೆ ಬಿಳಿಯಾಗಿ ಬಿಡುತ್ತೇವೆ. ವಿಳಾಸದ ಸಣ್ಣ ಸಾಲುಗಳಲ್ಲಿ ತೆಳುಗೆರೆ ತುಂಡಾಗುತ್ತದೆ. *ದಾವಣಗೆರೆಯ ಮುದ್ರಕರು*

ಉತ್ತರ: ಲೆಕ್ಕ ಹಾಕಿದರೆ ಕಾರಣ ಕಾಣುತ್ತದೆ. ಟೈಮ್ಸ್ ಬೋಲ್ಡ್ ಇಟಾಲಿಕ್‌ನ ಅಡ್ಡಗೆರೆ 1000ಕ್ಕೆ 42. 8 ಪಾಯಿಂಟ್‌ನಲ್ಲಿ ಅದು 0.34 ಪಾಯಿಂಟ್, ಅಂದರೆ 0.12 ಮಿಲಿಮೀಟರ್. ಕಡುಗೆಂಪನ್ನು ನಾಲ್ಕು ಬಣ್ಣ ಬೆರೆಸಿ ತರುತ್ತಿದ್ದರೆ, ಒಂದು ಪ್ಲೇಟ್ 0.1 ಮಿಲಿಮೀಟರ್ ಜರುಗಿದರೂ ಆ ಬಿಳಿ ಗೆರೆಯನ್ನು ಬಣ್ಣ ನುಂಗುತ್ತದೆ. ಮಸಿ ಹರಡುವುದು ಬೇರೆ.

ಪರಿಹಾರವನ್ನು ನೆಲದಿಂದ ಶುರು ಮಾಡಿ. ಕಡುಗೆಂಪನ್ನು ಮೊದಲೇ ಬೆರೆಸಿದ ಒಂದೇ ಮಸಿಯಲ್ಲಿ, ಅಂದರೆ ಸ್ಪಾಟ್ ಬಣ್ಣದಲ್ಲಿ, ಹಾಕಿದರೆ ಜರುಗಾಟದ ಪ್ರಶ್ನೆಯೇ ಇಲ್ಲ. ಅದಾಗದಿದ್ದರೆ ಬಿಳಿ ಅಕ್ಷರದ ಗಾತ್ರ 11-12 ಪಾಯಿಂಟ್‌ಗಿಂತ ಇಳಿಸಬೇಡಿ, ಅಕ್ಷರಗಳ ನಡುವೆ 1000ಕ್ಕೆ 10ರಿಂದ 20 ಹೆಚ್ಚು ಬಿಡಿ. ಸ್ಕ್ರೀನ್ ಪ್ರಿಂಟಿಂಗ್ ಮಾಡುವುದಾದರೆ ಕಾಲು ಮಿಲಿಮೀಟರ್‌ಗಿಂತ ತೆಳು ಗೆರೆ ನೆಚ್ಚಬೇಡಿ; ಈ ಅಕ್ಷರದಲ್ಲಿ ಅದಕ್ಕೆ 17 ಪಾಯಿಂಟ್ ಬೇಕು. ಹೆಸರಿಗೆ ಸರಿ, ವಿಳಾಸಕ್ಕೆ ಸಾಧ್ಯವಿಲ್ಲ. ವಿಳಾಸವನ್ನು ನೇರ ಅಕ್ಷರಕ್ಕೆ ಬದಲಿಸಿ, ತಿಳಿ ನೆಲದ ಮೇಲೆ ಕಡುಬಣ್ಣದಲ್ಲಿ ಹಾಕಿ. ಚಿನ್ನದ ಫಾಯಿಲ್‌ನಲ್ಲಿ ತೊಂದರೆ ಉಲ್ಟಾ, ಅಲ್ಲಿ ಇ ಮತ್ತು ಎ ಅಕ್ಷರಗಳ ಹೊಟ್ಟೆ ತುಂಬಿಹೋಗುತ್ತದೆ. ಒಳಬಿಳಿ ದೊಡ್ಡದಿರುವ ಅಕ್ಷರ ಆರಿಸುವುದೊಂದೇ ದಾರಿ.

ಪ್ರಶ್ನೆ: ಜಾಲತಾಣದಲ್ಲಿ ಬೋಲ್ಡ್ ಇಟಾಲಿಕ್ ಒಂದು ಕಂಪ್ಯೂಟರ್‌ನಲ್ಲಿ ಸರಿ, ಇನ್ನೊಂದರಲ್ಲಿ ನಕಲಿ. *ಮಂಗಳೂರಿನ ವೆಬ್ ವಿನ್ಯಾಸಕರು*

ಉತ್ತರ: ಸರಿ ಕಾಣುವ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಮೊದಲೇ ಇರಬೇಕು. ನಿಮ್ಮ ಸಿಎಸ್‌ಎಸ್‌ನಲ್ಲಿ (ಪುಟದ ರೂಪ ಹೇಳುವ ಕಡತ) ಫಾಂಟ್-ಫೇಸ್ ಘೋಷಣೆಗಳನ್ನು ಎಣಿಸಿ: ನಾಲ್ಕು ಕಡತಕ್ಕೆ ನಾಲ್ಕು ಇರಬೇಕು, ನಾಲ್ಕಕ್ಕೂ ಕುಟುಂಬದ ಹೆಸರು ಒಂದೇ, ದಪ್ಪ-ಓರೆಯದರಲ್ಲಿ ತೂಕ 700, ಶೈಲಿ ಇಟಾಲಿಕ್. ಕಡತಕ್ಕೆ ಬೇರೆ ಕುಟುಂಬದ ಹೆಸರು ಕೊಟ್ಟು, ಅದರ ಮೇಲೆ ಮತ್ತೆ ಬೋಲ್ಡ್ ಮಾಡಿದರೆ ನಿಜವಾದ ದಪ್ಪದ ಮೇಲೆ ನಕಲಿ ದಪ್ಪ ಏರುತ್ತದೆ. ಪರೀಕ್ಷಿಸುವಾಗ ಫಾಂಟ್-ಸಿಂಥೆಸಿಸ್ ಎಂಬ ಗುಣಕ್ಕೆ ನನ್ ಎಂದು ಕೊಡಿ. ಬ್ರೌಸರ್ ನಕಲಿ ಮಾಡುವುದನ್ನು ನಿಲ್ಲಿಸುತ್ತದೆ, ಎಲ್ಲಿ ಕಡತ ಬಂದಿಲ್ಲ ಎಂಬುದು ಕೂಡಲೇ ಕಾಣುತ್ತದೆ. ಪರದೆಗೆಂದೇ ಬರೆದ ಅಕ್ಷರ ಬೇಕಿದ್ದರೆ ಮ್ಯಾಥ್ಯೂ ಕಾರ್ಟರ್ ಅವರ ಜಾರ್ಜಿಯಾ (1996) ಇಂದಿಗೂ ಒಳ್ಳೆಯ ಆಯ್ಕೆ, ನಾಲ್ಕೂ ರೂಪಗಳಿವೆ. ತಾಣದಲ್ಲಿ ಕನ್ನಡವೂ ಇದ್ದರೆ, ಕನ್ನಡ ಭಾಷೆ ಎಂದು ಗುರುತಿಸಿದ ಭಾಗಕ್ಕೆ ಶೈಲಿಯನ್ನು ನಾರ್ಮಲ್ ಮಾಡಿಬಿಡಿ. ಇಲ್ಲದಿದ್ದರೆ ಒತ್ತು ಸೂಚಿಸುವ ಟ್ಯಾಗ್ ಬಂದಲ್ಲೆಲ್ಲ ಕನ್ನಡ ಸೊಟ್ಟಗಾಗುತ್ತದೆ.

ಪ್ರಶ್ನೆ: ದಪ್ಪ-ಓರೆ ಪದದ ನಂತರದ ಅಲ್ಪವಿರಾಮ, ಆವರಣ ಚಿಹ್ನೆ ಕೂಡ ದಪ್ಪ-ಓರೆ ಇರಬೇಕೇ? *ಕಾರವಾರದ ಕರಡು ತಿದ್ದುವವರು*

ಉತ್ತರ: ಚಿಹ್ನೆ ಯಾವ ವಾಕ್ಯದ್ದೋ ಅದರ ರೂಪ ತೆಗೆದುಕೊಳ್ಳಲಿ. ನೇರ ವಾಕ್ಯದ ನಡುವೆ ಒಂದೇ ಪದ ದಪ್ಪ-ಓರೆ ಇದ್ದರೆ ಅಲ್ಪವಿರಾಮ ನೇರ. ಪ್ರಶ್ನಾರ್ಥಕ ಚಿಹ್ನೆ ಆ ಶೀರ್ಷಿಕೆಯ ಭಾಗವೇ ಆಗಿದ್ದರೆ ದಪ್ಪ-ಓರೆ. ಆವರಣ ಎರಡೂ ಕಡೆ ಒಂದೇ ರೂಪದಲ್ಲಿರಬೇಕು, ತೆರೆಯುವುದು ನೇರ ಮುಚ್ಚುವುದು ಓರೆ ಆಗಕೂಡದು. ನೇರ ಆವರಣ ಮುಚ್ಚುವಲ್ಲಿ ಹಿಂದಿನ ಅಕ್ಷರ ಎಫ್, ಡಿ, ಎಲ್ ಆಗಿದ್ದರೆ ಅದರ ತಲೆ ಚಿಹ್ನೆಗೆ ಬಡಿಯುತ್ತದೆ. ಅಲ್ಲಿ ಕರ್ನಿಂಗ್‌ನಲ್ಲಿ, ಅಂದರೆ ಎರಡು ಅಕ್ಷರಗಳ ನಡುವಿನ ಅಂತರ ತಿದ್ದುವಲ್ಲಿ, 1000ಕ್ಕೆ 40ರಿಂದ 80ರವರೆಗೆ ಜಾಗ ಕೊಡಿ. ಎಫ್‌ಗೆ ಹೆಚ್ಚು, ಉಳಿದವಕ್ಕೆ ಕಡಿಮೆ.